ಸೋದ್ನೋಮ್‌ನ ಹದಿನೈದು ಇಂಚಿನ ಚಕ್ರಗಳು

ಸೋದ್ನೋಮ್ ತೀರಿಕೊಂಡ. ಜೂನ್ ತಿಂಗಳ ಮೊದಲ ವಾರ, ಮಧ್ಯಾಹ್ನ, ಲುನ್ ಎಂಬ ಊರಿನ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯ ಮುಂದೆ. ಹೃದಯ ನಿಂತುಹೋಯಿತು ಎಂದು ಅಲ್ಲಿನ ಆಸ್ಪತ್ರೆಯವರು ಹೇಳಿದರು.

ಸುದ್ದಿ ಕೇಳಿದವರೆಲ್ಲ ಫೋನಿನಲ್ಲಿ ಒಂದೇ ಮಾತು ಕೇಳಿದರು: “ಅವನಾ? ಅವಳಲ್ವಾ?” ಅವರು ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ. ಸಾಯಲಿದ್ದವಳು ಅವನ ಹೆಂಡತಿ ಹೋರ್ಲೋ. ಚಳಿಗಾಲದಿಂದ ನಮ್ಮ ಕಟ್ಟಡದವರೆಲ್ಲ ಮೆಟ್ಟಿಲು ಹತ್ತುವಾಗ ಅವರ ಬಾಗಿಲ ಮುಂದೆ ಹೆಜ್ಜೆ ಸದ್ದು ಕಡಿಮೆ ಮಾಡುತ್ತಿದ್ದದ್ದು ಅವಳಿಗಾಗಿ.

ನಮ್ಮಲ್ಲಿ ಸತ್ತವರ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಹೇಳಿದರೆ ಹೊರಟವನು ತಿರುಗಿ ನೋಡುತ್ತಾನೆ ಎನ್ನುತ್ತಾರೆ. ನಾನು ಹೇಳುತ್ತಿಲ್ಲ, ಬರೆಯುತ್ತಿದ್ದೇನೆ. ಜೀವನವೆಲ್ಲ ಪ್ರೆಸ್ಸಿನಲ್ಲಿ ಕರಡು ತಿದ್ದಿದವನಿಗೆ ಹೆಸರಿರಬೇಕಾದ ಜಾಗವನ್ನು ಖಾಲಿ ಬಿಡಲು ಬರುವುದಿಲ್ಲ.

ಅದೇ ಪ್ರೆಸ್ಸಿನಲ್ಲಿ ಅವನು ಮುದ್ರಣ ಯಂತ್ರ ನಡೆಸುತ್ತಿದ್ದ. ನಾನು ಮಹಡಿಯ ಮೇಲೆ, ಅವನು ನೆಲಮಾಳಿಗೆಯಲ್ಲಿ. ಅಚ್ಚಿಗೆ ಹೊರಟುನಿಂತ ಹಾಳೆಯನ್ನು ಒಂದು ಚಿಹ್ನೆಗಾಗಿ ನಾನು ತಡೆದಾಗಲೆಲ್ಲ ಅವನು ಮೇಲೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. “ಯಂತ್ರ ಬಿಸಿ ಆಗಿದೆ, ಸಾಹೇಬರು ಅಲ್ಪವಿರಾಮ ಹುಡುಕ್ತಾ ಇದ್ದಾರೆ” ಎನ್ನುತ್ತಿದ್ದ. ಅಲ್ಪವಿರಾಮ ಎಂಬ ಹೆಸರೇ ನನಗೆ ನಿಂತಿತು. ನನ್ನ ಸ್ವಂತ ಹೆಸರು ಅವನಿಗೆ ಮರೆತೇ ಹೋಗಿತ್ತೋ ಏನೋ. ಪ್ರೆಸ್ ಮುಚ್ಚಿದ ಮೇಲೆ ಅವನು ಜಪಾನಿನಿಂದ ಬಂದ ಹಳೆಯ ಪ್ರಿಯಸ್ ಒಂದನ್ನು ಕೊಂಡು ಉಲಾನ್‌ಬಾತರಿನಲ್ಲಿ ಬಾಡಿಗೆಗೆ ಓಡಿಸತೊಡಗಿದ. ನಮ್ಮ ನಗರದಲ್ಲಿ ಕಲ್ಲೆಸೆದರೆ ಪ್ರಿಯಸ್‌ಗೆ ಬೀಳುತ್ತದೆ. ಆದರೆ ಅವನದಕ್ಕೆ ಹದಿನೇಳು ಇಂಚಿನ ಹೊಳೆಯುವ ಚಕ್ರಗಳಿದ್ದವು, ಜಪಾನಿನಿಂದ ಹಾಗೆಯೇ ಬಂದದ್ದು. ಅವುಗಳ ಮೇಲೆ ಅವನಿಗೆ ವಿಪರೀತ ಮೋಹ. ಗಾಡಿಯ ಮೈಯೆಲ್ಲ ಕೆಸರಾಗಿದ್ದರೂ ಚಕ್ರ ಮಾತ್ರ ಒರೆಸಿ ಬರುತ್ತಿದ್ದ.

“ಮುಖ ತೊಳೀದೆ ಬೂಟಿಗೆ ಪಾಲಿಶ್ ಹಾಕೋನು” ಎಂದು ಹೋರ್ಲೋ ಕಿಟಕಿಯಿಂದ ಕೂಗುತ್ತಿದ್ದಳು.

“ನನ್ನ ಮುಖಾನ ಯಾರು ನೋಡ್ತಾರೆ ಮುದುಕಿ, ಗಾಡೀನ ನೋಡ್ತಾರೆ.”

ಅವಳು ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದವಳು. ಗಟ್ಟಿ ತೋಳಿನ, ದೊಡ್ಡ ದನಿಯ ಹೆಂಗಸು. ಆರ್ಖಾಂಗಾಯ್ ಕಡೆಯ ಒಂದು ಕಣಿವೆಯಿಂದ ಹದಿನೆಂಟರ ವಯಸ್ಸಿನಲ್ಲಿ ನಗರಕ್ಕೆ ಬಂದಳು. ಅವನು ನಗರದಲ್ಲೇ ಹುಟ್ಟಿದವನು. ಮಕ್ಕಳಾಗಲಿಲ್ಲ. ಅವಳ ಊರಿಗೆ ಹೋಗೋಣ, ಮುಂದಿನ ಬೇಸಿಗೆಯಲ್ಲಿ ಹೋಗೋಣ ಎಂದು ಅವನು ಮದುವೆಯಾದ ವರ್ಷದಿಂದ ಹೇಳುತ್ತಲೇ ಇದ್ದ. ಒಮ್ಮೆ ರಜೆ ಸಿಗಲಿಲ್ಲ, ಒಮ್ಮೆ ಪೆಟ್ರೋಲ್ ಇರಲಿಲ್ಲ, ಒಮ್ಮೆ ಭಾರೀ ಚಳಿಗೆ ಅಲ್ಲಿಯ ದನಕರುಗಳೆಲ್ಲ ಸತ್ತು ಅವಳ ಕಡೆಯವರೇ ನಗರಕ್ಕೆ ಬಂದುಬಿಟ್ಟರು. ಹೋಗಲು ಅಲ್ಲಿ ಯಾರೂ ಉಳಿಯಲಿಲ್ಲ.

ಹೋದ ಚಳಿಗಾಲದಲ್ಲಿ ಅವಳ ಯಕೃತ್ತಿನಲ್ಲಿ ಗಡ್ಡೆ ಕಂಡಿತು. ವೈದ್ಯೆ ಒಳ್ಳೆಯ ಹೆಂಗಸು. ಕೈ ಹಿಡಿದು, ಇಷ್ಟವಾದದ್ದು ತಿನ್ನಿ, ಇಷ್ಟವಾದ ಕಡೆ ಹೋಗಿಬನ್ನಿ ಎಂದಳು. ಅದರ ಅರ್ಥವೇನೆಂದು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮನೆಗೆ ಬಂದು ಕೋಟು ಬಿಚ್ಚುವ ಮೊದಲೇ ಹೋರ್ಲೋ ಹೇಳಿದಳಂತೆ: “ನಮ್ಮೂರಲ್ಲೊಂದು ನೀರಿನ ಊಟೆ ಇದೆ. ಅಲ್ಲಿಗೆ ಹೋಗೋಣ. ಹುಲ್ಲು ಬಂದ್ಮೇಲೆ.”

ಅಂದಿನಿಂದ ಅವನಿಗೆ ಬೇರೆ ಯೋಚನೆ ಇರಲಿಲ್ಲ. ಆದರೆ ಹೇಗೆ ಕರೆದೊಯ್ಯುವುದು? ರಷ್ಯಾದ ವ್ಯಾನು ಎಂಥ ದಾರಿಯಲ್ಲೂ ಹೋಗುತ್ತದೆ, ನಿಜ. ಆಸ್ಪತ್ರೆಗೆಂದು ಒಂದು ದಿನ ನೆರೆಯವನ ವ್ಯಾನಿನಲ್ಲಿ ಕೂರಿಸಿದ್ದಕ್ಕೆ ಪೆಟ್ರೋಲ್ ವಾಸನೆಗೆ ಅವಳು ಎರಡನೇ ತಿರುವಿನಲ್ಲೇ ವಾಂತಿ ಮಾಡಿಕೊಂಡಳು, ಆ ಗಡಗಡಕ್ಕೆ ಹೊಟ್ಟೆ ಹಿಡಿದು ಮುದುಡಿಹೋದಳು. ಪ್ರಿಯಸ್ ಮೆಲ್ಲಗೆ ಹೋದರೆ ಎಂಜಿನ್ನೇ ನಿಂತು ಬ್ಯಾಟರಿಯಲ್ಲಿ ಸಾಗುತ್ತದೆ. ಸದ್ದಿಲ್ಲ, ವಾಸನೆಯಿಲ್ಲ, ನಡುಕವಿಲ್ಲ. ಅದರಲ್ಲಿ ಅವಳು ಕೂರಬಲ್ಲಳು. ತೊಂದರೆ ಕೊಡುತ್ತಿದ್ದದ್ದು ಆ ಹೊಳೆಯುವ ಚಕ್ರಗಳು. ದೊಡ್ಡ ರಿಮ್ಮಿಗೆ ಟೈರು ತೆಳ್ಳಗೆ, ರೊಟ್ಟಿಯ ಅಂಚಿನಷ್ಟು. ರಸ್ತೆಯ ಪ್ರತಿ ಗುಂಡಿಯೂ ನೇರವಾಗಿ ಸೀಟಿಗೆ ಬರುತ್ತಿತ್ತು. ಅವಳು ನೋವೆಂದು ಒಮ್ಮೆಯೂ ಹೇಳಲಿಲ್ಲ. ಮಾತಾಡುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ, ಸ್ವಲ್ಪ ಹೊತ್ತಾದ ಮೇಲೆ ಬಿಟ್ಟ ಜಾಗದಿಂದ ಮುಂದುವರಿಸುತ್ತಿದ್ದಳು. ನನಗೆ ಅದು ಗೊತ್ತಾಗಲು ಬಹಳ ದಿನ ಬೇಕಾಯಿತು. ಅವನಿಗೆ ಮೊದಲ ದಿನವೇ ಗೊತ್ತಾಗಿತ್ತು.

“ಚಕ್ರ ಬದಲಾಯಿಸ್ಬೇಕು ಕಣೋ ಅಲ್ಪವಿರಾಮ” ಎಂದ. “ಚಿಕ್ಕ ರಿಮ್ಮು, ದಪ್ಪ ಟೈರು. ಟೈರಲ್ಲಿರೋ ಗಾಳಿನೇ ಅವಳಿಗೆ ಹಾಸಿಗೆ.”

ಬಿಡಿಭಾಗಗಳ ಸಂತೆಗೆ ಹೋದೆವು. ಹಳೆಯ ಸರಕು ಕಂಟೇನರ್ ಡಬ್ಬಗಳನ್ನೇ ಅಂಗಡಿ ಮಾಡಿಕೊಂಡ ಸಾಲುಗಳು, ನೆಲದ ಮೇಲೆ ಇನ್ನೂ ಕೊಳಕು ಮಂಜುಗಡ್ಡೆ. ಅವನು ಮೊದಲ ಸಾಲಿನಲ್ಲೇ ನಾಲ್ಕರ ಒಂದು ಸೆಟ್ಟಿಗೆ ಮನಸೋತ. ಹದಿನೈದು ಇಂಚು, ಐದು ತೂತು, ಅವನದೇ ಕಾರಿನ ಹೆಸರು ಹೇಳಿ ಕೊಟ್ಟರು. ಹೊತ್ತು ತಂದೆವು. ಜಾಕು ಕೊಟ್ಟು ಹಳೆಯದನ್ನು ಬಿಚ್ಚಿ ಹೊಸದನ್ನು ಎತ್ತಿ ಹಿಡಿದರೆ, ಒಂದು ಬೋಲ್ಟು ತೂತಿನೊಳಗೆ ಬಂತು, ಉಳಿದ ನಾಲ್ಕೂ ಲೋಹಕ್ಕೆ ಮುಖ ಕೊಟ್ಟು ನಿಂತವು. ಕಾಗದದ ದಪ್ಪವನ್ನು ಬೆರಳಲ್ಲಿ ಹೇಳುತ್ತಿದ್ದವನು ಚಕ್ರವನ್ನು ಟೋಪಿ ಕೊಂಡ ಹಾಗೆ ಕಣ್ಣಳತೆಯಲ್ಲಿ ಕೊಂಡಿದ್ದ.

ಹೋರ್ಲೋ ಕಿಟಕಿಯಲ್ಲಿ ಕೂತು ನೋಡುತ್ತಿದ್ದಳು. “ಏನು, ಅದಕ್ಕೂ ನಿನ್ನ ಕಂಡ್ರೆ ಆಗಲ್ವಂತಾ?” ಎಂದಳು. ಆ ವಾರ ಅವಳು ನಕ್ಕದ್ದು ಅದೊಂದೇ ಸಲ. ಅವನಿಗೆ ಖುಷಿಯಾಯಿತು.

ಎರಡನೇ ಸಲ ಹೋದಾಗ ಸಿಕ್ಕಿದವಳು ಉರ್ನಾ. ಮೂವತ್ತರ ಆಸುಪಾಸಿನ ಹೆಂಗಸು, ಸಂತೆಯ ಕೊನೆಯಲ್ಲಿ ಅವಳ ಡಬ್ಬ. ಬಾಗಿಲ ಬಳಿ ಸೌದೆ ಒಲೆ, ಸುತ್ತ ರಿಮ್ಮುಗಳು ಒಂದರ ಮೇಲೊಂದು.

“ಎಷ್ಟರದ್ದು ಬೇಕಣ್ಣ? ಹದಿನೆಂಟು ಬಂದಿದೆ, ಕಪ್ಪು. ಹಾಕಿದ್ರೆ ಮಂತ್ರಿ ಗಾಡಿ ಅನ್ನಬೇಕು.”

“ಹದಿನೈದು.”

“ಈಗ ಯಾವುದಿದೆ?”

“ಹದಿನೇಳು.”

“ಎಲ್ಲಾರೂ ದೊಡ್ಡದು ಹುಡುಕ್ಕೊಂಡು ಬರ್ತಾರೆ. ನೀವು ಕುದುರೆ ಕೊಟ್ಟು ಆಡು ಹಿಡ್ಕೊಂಡು ಹೋಗ್ತೀರಾ?”

“ಆಡು ಬೆಟ್ಟ ಹತ್ತುತ್ತೆ ತಂಗಿ. ಇದನ್ನ ನೋಡು, ಇದು ಹತ್ತಲಿಲ್ಲ.” ಅವನು ಹೊತ್ತು ತಂದಿದ್ದ ರಿಮ್ಮನ್ನು ಅವಳ ಮುಂದಿಟ್ಟ.

ಅವಳು ಬಗ್ಗಿ ನೋಡಲೂ ಇಲ್ಲ. “ಇದು ಅದೇ ಹೆಸರಿನ ದೊಡ್ಡ ಗಾಡೀದು. ತೂತುಗಳ ಸುತ್ತಳತೆ ಅಗಲ. ಹೆಸರು ಒಂದೇ ಅಂತ ಯಾರ್ಯಾರದೋ ಮನೆ ಬಾಗಿಲು ತಟ್ತೀರಾ ನೀವು?”

“ನನ್ನ ವಯಸ್ಸಲ್ಲಿ ಯಾವ ಬಾಗಿಲೂ ತೆಗೆಯಲ್ಲ. ನಿಂದು ತೆಗಿ, ಸರಿಯಾದ್ದು ಕೊಡು.”

ಅವಳು ನಕ್ಕು ಒಲೆಯ ಮೇಲಿದ್ದ ಚಹಾ ಬಗ್ಗಿಸಿಕೊಟ್ಟಳು. ಆಮೇಲೆ ಅರ್ಧ ದಿನ ಆ ಡಬ್ಬದಲ್ಲಿ ಕಳೆಯಿತು. ಅವಳು ಒಂದೊಂದನ್ನೇ ಎತ್ತಿ ತೋರಿಸುವುದು, ಇವನು ಬೇಡವೆನ್ನುವುದು. ಒಂದು ತುಂಬ ಹೊರಗೆ ಕೂರುತ್ತದೆ, ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜುತ್ತದೆ. ಇನ್ನೊಂದು ತುಂಬ ಒಳಗೆ. ಮತ್ತೊಂದು ಎಲ್ಲ ಸರಿ, ಆದರೆ ಭಾರ, ಬ್ಯಾಟರಿಯನ್ನು ಬೇಗ ತಿನ್ನುತ್ತದೆ. ಎಂಜಿನ್ ಬೇಗ ಬೇಗ ಎದ್ದರೆ ಹೋರ್ಲೋಗೆ ವಾಸನೆ ಬರುತ್ತದೆ ಎಂದು ಅವನು ಅದನ್ನೂ ಬದಿಗಿಟ್ಟ.

“ಯಾರಿಗಣ್ಣ ಇಷ್ಟು ಆರಿಸೋದು? ನಿಮಗೆ ಮದುವೆಯಾ?”

“ನನ್ನ ಮುದುಕಿ ಕೂರ್ಬೇಕು. ಹುಷಾರಿಲ್ಲ. ಅವಳೂರಿಗೆ ಹೋಗ್ಬೇಕು.”

“ಏನವರ ಹೆಸರು?”

“ಹೋರ್ಲೋ.”

ನಮ್ಮಲ್ಲಿ ಆ ಹೆಸರಿಗೆ ಚಕ್ರವೆಂದೇ ಅರ್ಥ. ಬೇರೆ ದಿನವಾದರೆ ಉರ್ನಾ ಅದಕ್ಕೂ ಒಂದು ಮಾತು ಸೇರಿಸುತ್ತಿದ್ದಳು. ಅವಳು ಸೇರಿಸಲಿಲ್ಲ. ಒಳಗೆ ಹೋಗಿ, ಮೂಲೆಯಲ್ಲಿ ಕಂಬಳಿ ಹೊದಿಸಿಟ್ಟಿದ್ದ ನಾಲ್ಕು ರಿಮ್ಮುಗಳನ್ನು ಉರುಳಿಸಿಕೊಂಡು ಬಂದಳು. ಮಾಸಿದ ಬೂದು ಬಣ್ಣ, ಯಾವ ಚೆಲುವೂ ಇಲ್ಲ. ಹಗುರವಾಗಿದ್ದವು.

“ನಮ್ಮ ಗಾಡಿಗೆ ಅಂತ ಇಟ್ಕೊಂಡಿದ್ದೆ. ಇದಕ್ಕೆ ಎರಡು ಕೆಲಸ ಇದೆ, ಈಗ್ಲೇ ಹೇಳ್ತೀನಿ. ನಡುವಿನ ತೂತು ದೊಡ್ಡದು, ಚಕ್ರ ಕೂರೋ ನಿಮ್ಮ ಹಬ್ಬಿಗೆ ಬಳೆ ಹಾಕಿಸ್ಬೇಕು. ಇಲ್ಲಾಂದ್ರೆ ಜೋರು ಹೋದಾಗ ನಡುಗುತ್ತೆ. ಪ್ಲಾಸ್ಟಿಕ್ ಬಳೆ ತಗೋಬೇಡಿ, ಚಳಿಗೆ ಒಡೆಯುತ್ತೆ. ಇನ್ನೊಂದು, ನಟ್ಟಿನ ತೂತು ಕಿರಿದು, ನಿಮ್ಮ ಪಾನಾ ಒಳಗೆ ಹೋಗಲ್ಲ. ಸಣ್ಣ ನಟ್ಟು ಕೊಡ್ತೀನಿ, ಅದಕ್ಕೆ ಅಂತಲೇ ಒಂದು ಕೀಲಿ ಇದೆ.” ಹೆಬ್ಬೆರಳಿನಷ್ಟಿದ್ದ ಉಕ್ಕಿನ ತುಂಡೊಂದನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಚಿದಳು. “ಇದು ಕಳೆದ್ರೆ ಚಕ್ರ ಬಿಚ್ಚಕ್ಕೂ ಆಗಲ್ಲ, ಬಿಗಿ ಮಾಡಕ್ಕೂ ಆಗಲ್ಲ. ಹಾಕಿ ಸ್ವಲ್ಪ ದೂರ ಓಡಿಸಿದ್ಮೇಲೆ ಮತ್ತೆ ಬಿಗಿ ಮಾಡಿ. ಹೊಸ ರಿಮ್ಮು ಮೊದಲು ಕೂತ್ಕೊಳ್ಳುತ್ತೆ, ಆಮೇಲೆ ನಟ್ಟು ಸಡಿಲ ಆಗುತ್ತೆ.”

ಬಳೆಗಳನ್ನು ನಮ್ಮ ಪ್ರೆಸ್ಸಿನ ಹಳೆಯ ಲೇತ್‌ನವನಿಂದ ಅಲ್ಯೂಮಿನಿಯಂನಲ್ಲಿ ಮಾಡಿಸಿದ. ದಪ್ಪ ಟೈರು ಚಕ್ರದ ಗೂಡಿನ ಒಳಗಿನ ಪ್ಲಾಸ್ಟಿಕ್ಕಿಗೆ ತಾಗುತ್ತಿತ್ತು. ಹೋರ್ಲೋ ಹಿಟ್ಟು ಕತ್ತರಿಸುತ್ತಿದ್ದ ಚಾಕು ತಂದು ಅದನ್ನು ಕೊಯ್ದ. ಹಳೆಯ ಹೊಳೆಯುವ ಚಕ್ರಗಳನ್ನು ಮಾರಿದ ದಿನ ಅವನು ಅವುಗಳನ್ನು ಒಮ್ಮೆ ಒರೆಸಿ ಕೊಟ್ಟ. ಎಡತೋಳು ಉಜ್ಜಿಕೊಳ್ಳುತ್ತಿದ್ದ. “ರಿಮ್ಮು ಎತ್ತಿ ಎತ್ತಿ ತೋಳು ಹಿಡಿದಿದೆ” ಎಂದ. ಎತ್ತಿದ್ದನ್ನು ನಾವೆಲ್ಲ ನೋಡಿದ್ದೆವು, ಅನುಮಾನಿಸಲು ಕಾರಣವಿರಲಿಲ್ಲ.

ಆಮೇಲೆ ಪರೀಕ್ಷೆ. ಹೋರ್ಲೋ ತಾಯಿಯ ಮನೆಯಿಂದ ತಂದ ಒಂದು ಮರದ ಬಟ್ಟಲಿತ್ತು, ಅಂಚಿಗೆ ಬೆಳ್ಳಿ. ಅದಕ್ಕೆ ಅಂಚಿನವರೆಗೆ ಹಾಲು ಚಹಾ ತುಂಬಿ ಅವಳು ಕೂರುವ ಸೀಟಿನ ಮೇಲಿಟ್ಟ. ನನ್ನನ್ನು ಹಿಂದೆ ಕೂರಿಸಿ, ಕಣ್ಣು ಬಟ್ಟಲಿನಿಂದ ತೆಗೆಯಬಾರದು ಎಂದ. ಹಳೆಯ ಚಕ್ರದಲ್ಲಿದ್ದಾಗ ಹೀಗೆಯೇ ರೈಲು ಗೇಟಿನ ರಸ್ತೆಯಲ್ಲಿ ಒಮ್ಮೆ ಹೋಗಿದ್ದೆವು. ಚಹಾ ಅರ್ಧ ಸೀಟಿಗೆ, ಅರ್ಧ ನನ್ನ ಪ್ಯಾಂಟಿಗೆ ಆಗಿತ್ತು. ಈ ಸಲ ಅದೇ ಗುಂಡಿಗಳ ಮೇಲೆ ಮೆಲ್ಲಗೆ, ಸದ್ದಿಲ್ಲದೆ ಸಾಗಿದೆವು. ಚಹಾದ ಮೇಲಿನ ಕೆನೆ ಒಮ್ಮೆ ಆ ಅಂಚಿಗೆ, ಒಮ್ಮೆ ಈ ಅಂಚಿಗೆ ಜಾರಿತು. ಹೊರಗೆ ಬೀಳಲಿಲ್ಲ.

“ಚೆಲ್ತಾ?”

“ಇಲ್ಲ.”

“ಸರಿಯಾಗಿ ನೋಡೋ. ತಪ್ಪು ಬಿಟ್ಬಿಡ್ತೀಯಾ ಹೇಗೆ?”

“ಒಂದು ಹನಿಯೂ ಇಲ್ಲ ಮಾರಾಯ.”

ಅವನು ಗಾಡಿ ನಿಲ್ಲಿಸಿ ಆ ಚಹಾವನ್ನು ತಾನೇ ಕುಡಿದ.

ಹೊರಟ ದಿನ ಹೋರ್ಲೋ ಚೆನ್ನಾಗಿದ್ದಳು. ಬೆಳಿಗ್ಗೆ ಮಾಂಸದ ಕಡುಬು ಒಂದನ್ನು ಪೂರ್ತಿ ತಿಂದಳು, ನೀಲಿ ರೇಷ್ಮೆಯ ನಿಲುವಂಗಿ ತೊಟ್ಟಳು. ಅದು ಈಗ ಅವಳಿಗೆ ಎರಡು ಸುತ್ತು ಬರುತ್ತಿತ್ತು. ನನ್ನ ಹೆಂಡತಿ ದುಲ್ಮಾ ಹಾಲಿನ ಪಾತ್ರೆ ಹಿಡಿದು ಅಂಗಳಕ್ಕೆ ಬಂದಳು. ಹೊಸ ಚಕ್ರಗಳಿಗೆ ಒಂದೊಂದಕ್ಕೂ ಬೆರಳಲ್ಲಿ ಹಾಲು ಸವರಿ, ದಾರಿ ಮೆತ್ತಗಿರಲಿ ಎಂದು ಹರಸಿದಳು. ಸೋದ್ನೋಮ್ ನಟ್ಟುಗಳನ್ನು ಕೊನೆಯ ಸಲ ನೋಡುತ್ತಿದ್ದವನು ಎದ್ದ. ದುಲ್ಮಾ ಹಾಲಿನ ಬಟ್ಟಲು ಮುಂದೆ ಹಿಡಿದಳು. ಹಾಲನ್ನು ಒಂದು ಕೈಯಲ್ಲಿ ತೆಗೆದುಕೊಳ್ಳುವುದಿಲ್ಲ. ಅವನು ಕೈಯಲ್ಲಿದ್ದ ಕೀಲಿಯನ್ನು ಕೆಳಗಿನ ಮನೆಯ ಕಿಟಕಿ ಕಟ್ಟೆಯ ಮೇಲಿಟ್ಟು, ಎರಡೂ ಕೈ ಚಾಚಿ ಬಟ್ಟಲು ತೆಗೆದುಕೊಂಡು ಕುಡಿದ. ಹಾಗೆಯೇ ಬಂದು ಗಾಡಿ ಹತ್ತಿದ. ಪಕ್ಕದಲ್ಲಿ ಹೋರ್ಲೋ, ಹಿಂದಿನ ಸೀಟಿನಲ್ಲಿ ಜೊತೆಗೆ ಹೊರಟ ನಾನು. ದುಲ್ಮಾ ಸೌಟಿನಿಂದ ನಮ್ಮ ಹಿಂದೆ ಹಾಲು ಎರಚುತ್ತ ಗೇಟಿನವರೆಗೆ ಓಡಿಬಂದಳು.

ನಗರ ದಾಟಿ ಪಶ್ಚಿಮದ ಸುಂಕದ ಗೇಟಿನ ಬಳಿ ಅವನು ಜೇಬು ಮುಟ್ಟಿಕೊಂಡ. ಇನ್ನೊಂದು ಜೇಬು ಮುಟ್ಟಿಕೊಂಡ. ಗಾಡಿ ನಿಧಾನವಾಯಿತು.

“ಏನು?” ಎಂದಳು ಹೋರ್ಲೋ.

“ಕೀಲಿ ಕಿಟಕಿ ಮೇಲೆ ಬಿಟ್ಟೆ. ಅರ್ಧ ಗಂಟೆ ದಾರಿ, ಹೋಗಿ ತರೋಣ.”

ಅವಳು ಅವನ ಮಣಿಕಟ್ಟಿನ ಮೇಲೆ ಕೈಯಿಟ್ಟಳು. “ಹಾಲು ಎರೆದಾಗಿದೆ. ತಿರುಗಿಸ್ಬೇಡ.”

“ಅಯ್ಯೋ ಮುದುಕಿ, ಒಂದು ಕಬ್ಬಿಣದ ತುಂಡು ತರಕ್ಕೆ…”

“ನಮ್ಮಮ್ಮ ಸೂಜಿ ಮರೆತ್ರೂ ತಿರುಗ್ತಿರಲಿಲ್ಲ, ಮಗು ಮರೆತ್ರೂ ತಿರುಗ್ತಿರಲಿಲ್ಲ. ನಾನು ಈಗ ತಿರುಗಿದ್ರೆ ಮತ್ತೆ ಹೊರಡಲ್ಲ. ನಿನಗೂ ಗೊತ್ತು.”

ಹಾಲೆರೆದು ಹೊರಟವರು ಮರೆತ ವಸ್ತುವಿಗಾಗಿ ಹಿಂದಿರುಗುವುದಿಲ್ಲ. ಇದನ್ನು ನಮ್ಮಲ್ಲಿ ನಂಬದವರೂ ಪಾಲಿಸುತ್ತಾರೆ. ಆರೋಗ್ಯವಂತರೇ ಹಿಂದಿರುಗುವುದಿಲ್ಲ ಎಂದ ಮೇಲೆ, ಅವಳನ್ನು ಕೂರಿಸಿಕೊಂಡು ಅವನು ಹೇಗೆ ತಿರುಗಿಯಾನು? ಅವನು ನನ್ನನ್ನು ಕನ್ನಡಿಯಲ್ಲಿ ನೋಡಿದ. ನಾನು ಪುಸ್ತಕಗಳನ್ನು ಓದಿದವನು, ತಿರುಗಿಸು ಎಂದೇನೂ ಹೇಳಲಿಲ್ಲ, ಏಕೆಂದರೆ ನನಗೂ ತಿರುಗಿಸುವುದು ಬೇಡವಾಗಿತ್ತು. ಗಾಡಿ ಮುಂದಕ್ಕೆ ಹೋಯಿತು.

ಬಯಲು ಹಸಿರಾಗಿತ್ತು. ಹೋರ್ಲೋ ಮಾತಾಡುತ್ತಲೇ ಇದ್ದಳು, ಒಮ್ಮೆಯೂ ಅರ್ಧಕ್ಕೆ ನಿಲ್ಲಿಸಲಿಲ್ಲ. ಊಟೆಯ ಹತ್ತಿರ ಒಂದು ಒಂಟಿ ಲಾರ್ಚ್ ಮರ, ಅದರ ಬುಡದಲ್ಲಿ ಅವಳಜ್ಜಿ ಕೂತು ಎಲ್ಲರನ್ನೂ ಬೈಯುತ್ತಿದ್ದದ್ದು, ಅವಳ ಅಣ್ಣ ಕುದುರೆಯಿಂದ ಬಿದ್ದು ನೀರಿಗೆ ಉರುಳಿದ್ದು. “ನೀನು ಆ ನೀರು ಕುಡಿದ್ರೆ ಹಲ್ಲು ಜುಮ್ಮನ್ನುತ್ತೆ ನೋಡು. ಉಳಿದಿರೋ ಹಲ್ಲು.”

“ಉಳಿದಿರೋದು ನಿನ್ನನ್ನ ಕಚ್ಚಕ್ಕೆ ಇಟ್ಕೊಂಡಿದೀನಿ.”

ಲುನ್ ಹತ್ತಿರವಾಗುತ್ತಿದ್ದಂತೆ ಸ್ಟಿಯರಿಂಗ್ ನಡುಗತೊಡಗಿತು. ಮೊದಲು ಮೆಲ್ಲಗೆ, ಆಮೇಲೆ ಸೀಟಿಗೂ ಬಂತು. ಹೋರ್ಲೋ ಒಂದು ಮಾತನ್ನು ಅರ್ಧಕ್ಕೆ ನಿಲ್ಲಿಸಿದಳು. ಅವನು ತಕ್ಷಣ ಗಾಡಿಯನ್ನು ಮೆಲ್ಲಗೆ ಮಾಡಿ, ನದಿ ಸೇತುವೆ ದಾಟಿ, ಮೊದಲು ಕಂಡ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದ. ಉರ್ನಾ ಹೇಳಿದಂತೆಯೇ ಚಕ್ರಗಳು ತಮ್ಮ ಜಾಗದಲ್ಲಿ ಕೂತಿದ್ದವು, ನಟ್ಟುಗಳು ಸಡಿಲವಾಗಿದ್ದವು.

ಅಂಗಡಿಯವನ ಹೆಸರು ಚೊಯ್ಜಿಲ್. ತನ್ನಲ್ಲಿದ್ದ ಸಾಕೆಟ್ಟುಗಳನ್ನೆಲ್ಲ ಒಂದೊಂದಾಗಿ ತೂತಿಗೆ ಹಿಡಿದು ನೋಡಿದ. “ಯಾವನಣ್ಣ ಇದನ್ನ ಮಾಡಿದ್ದು? ಇಲಿ ಬಿಲಕ್ಕೆ ಬೀಗ ಹಾಕ್ದಂಗಿದೆ. ನಗರಕ್ಕೆ ಫೋನ್ ಮಾಡಿ, ನಾಳೆ ಬಸ್ಸಲ್ಲಿ ಕಳಿಸ್ತಾರೆ. ರಾತ್ರಿ ನಮ್ಮನೇಲೇ ಇರಿ.”

ಸೋದ್ನೋಮ್ ಹೆಂಡತಿಯ ಕಡೆ ನೋಡಿದ. ಅವಳು ಅಂಗಡಿಯ ಗೋಡೆಗೆ ಒರಗಿದ ಬೆಂಚಿನ ಮೇಲೆ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದಳು. “ಇವತ್ತು ಅವಳು ಚೆನ್ನಾಗಿದ್ದಾಳೆ” ಎಂದ. “ನಾಳೆ ಹೇಗಿರ್ತಾಳೋ. ಒಂದು ಸಾಕೆಟ್ಟನ್ನ ಸುತ್ತ ಉಜ್ಜಿ ತೆಳ್ಳಗೆ ಮಾಡು.”

ಸಾಣೆಗೆ ಹಿಡಿದು ಕಿಡಿ ಹಾರಿಸಿ ಚೊಯ್ಜಿಲ್ ಅದನ್ನು ತೆಳುವಾಗಿಸಿಕೊಟ್ಟ. ಅದು ತೂತಿನೊಳಗೆ ಹೋಯಿತು, ಆದರೆ ನಟ್ಟನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ. ಒಂದು ಅಂಗೈಯಿಂದ ಎದೆಯ ಭಾರವನ್ನೆಲ್ಲ ಹಾಕಿ ಒತ್ತಿಕೊಂಡು, ಇನ್ನೊಂದು ಕೈಯಿಂದ ಹಿಡಿಯನ್ನು ಎಳೆಯಬೇಕು. ಇಲ್ಲದಿದ್ದರೆ ಜಾರುತ್ತದೆ.

“ಕೊಡಿ, ನಾನು ಮಾಡ್ತೀನಿ.”

“ನನ್ನ ಮುದುಕಿ ಕೂರೋ ಗಾಡಿ. ನಾನೇ ಮಾಡ್ಬೇಕು.”

ಇಲ್ಲಿಂದ ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಊಟೆಗೆ ಹೋಗಲಿಲ್ಲ. ಊರಿನ ಆಸ್ಪತ್ರೆಯ ವ್ಯಾನು ಅವನ ದೇಹವನ್ನು ನಗರಕ್ಕೆ ಒಯ್ದಿತು. ಅದರ ಹಿಂದೆಯೇ ನಮ್ಮ ಕಾರು, ಚೊಯ್ಜಿಲ್ ನಡೆಸಿದ. ತಿರುಗಬಾರದು ಎಂದವಳು ತಿರುಗಿ ಬಂದಳು. ಅವನು ಬಿಗಿದ ನಟ್ಟುಗಳಲ್ಲಿ ಒಂದೂ ಸಡಿಲವಾಗಲಿಲ್ಲ, ಸ್ಟಿಯರಿಂಗ್ ನಡುಗಲಿಲ್ಲ, ದಾರಿಯುದ್ದಕ್ಕೂ ಒಂದು ಗುಂಡಿಯೂ ಅವಳ ಮೈಗೆ ತಾಗಲಿಲ್ಲ. ಅವಳಿಗೆ ತಡೆಯಲಾಗದೆ ಹೋದದ್ದು ಅದೇ. ಸೇತುವೆಯ ಈಚೆ ಮುಖ ಮುಚ್ಚಿಕೊಂಡು, “ಸ್ವಲ್ಪನಾದ್ರೂ ಕುಲುಕಬಾರದಾ ಇದು” ಎಂದಳು.

ಲಾಮಾ ಗೊತ್ತುಮಾಡಿದ ದಿನ ಅವನನ್ನು ಗುಡ್ಡದ ಬದಿಯಲ್ಲಿ ಮಣ್ಣು ಮಾಡಿ ಬಂದೆವು. ಎಂಟು ದಿನವಾದ ಮೇಲೆ ಉರ್ನಾ ಬಂದಳು. ಯಾರು ಹೇಳಿದರೋ ಗೊತ್ತಿಲ್ಲ. ಅಂಗಳದಲ್ಲಿ ನಿಂತಿದ್ದ ಕಾರಿನ ಸುತ್ತ ಒಮ್ಮೆ ಬಂದು, ಮೇಲೆ ಬಂದು, ಹೋರ್ಲೋ ಹಾಸಿಗೆಯ ಪಕ್ಕ ಕೂತಳು.

“ಅಕ್ಕ, ನಾನು ಓಡಿಸ್ತೀನಿ. ಅಂಗಡಿ ಮುಚ್ಚಿ ಬರ್ತೀನಿ. ಊಟೆವರೆಗೂ ಕರ್ಕೊಂಡು ಹೋಗ್ತೀನಿ.”

ನಾನೂ ದುಲ್ಮಾಳೂ ಒತ್ತಾಯಿಸಿದೆವು. ಅವನು ಪಟ್ಟ ಪಾಡಾದರೂ ಸಾರ್ಥಕವಾಗಲಿ ಎಂದೆವು.

ಹೋರ್ಲೋ ನಮ್ಮ ಕಡೆ ಹೊರಳಿದಳು. “ನಾನು ನೀರು ಕುಡಿಯಕ್ಕೆ ಹೊರಟಿದ್ದೆ ಅಂದ್ಕೊಂಡ್ರಾ ನೀವೆಲ್ಲ?” ಎಂದಳು. “ಆ ನೀರು ಕುಡಿದೇ ಬೆಳೆದೋಳು ನಾನು, ಮಗಳೇ. ಕಣ್ಣು ಮುಚ್ಚಿದ್ರೂ ರುಚಿ ಬರುತ್ತೆ. ಅವನು ನೋಡಿರಲಿಲ್ಲ. ಇಷ್ಟು ವರ್ಷ ಹೇಳಿ ಹೇಳಿ, ಅವನೊಂದ್ಸಲಾನೂ ನೋಡಿರಲಿಲ್ಲ. ನಾನು ಹೋದ್ಮೇಲೆ ಅವನು ಒಬ್ಬನೇ ಹೋಗಲ್ಲ ಅಂತ ಗೊತ್ತಿತ್ತು. ಅದಕ್ಕೆ ಹೊರಡಿಸಿದ್ದು.”

ಉರ್ನಾ ಹೊರಡುವಾಗ ಹೋರ್ಲೋ, ಆ ಚಕ್ರಗಳನ್ನು ನೀನೇ ತೆಗೆದುಕೋ ಎಂದಳು. ಉರ್ನಾ ಒಪ್ಪಲಿಲ್ಲ. ಕಾರು ಈಗಲೂ ಅಂಗಳದಲ್ಲೇ ಇದೆ. ಹೋರ್ಲೋ ಈಗ ಏಳುವುದಿಲ್ಲ. ಕೀಲಿ ಕಿಟಕಿ ಕಟ್ಟೆಯ ಮೇಲೇ ಇತ್ತು. ದುಲ್ಮಾ ಅದನ್ನು ತಂದು ಅಡುಗೆಮನೆಯ ಗೂಡಿನಲ್ಲಿಟ್ಟಿದ್ದಾಳೆ. ಎಸೆಯಲೂ ಆಗುತ್ತಿಲ್ಲ, ನೋಡಲೂ ಆಗುತ್ತಿಲ್ಲ.

ಲುನ್‌ನ ಆ ಮಧ್ಯಾಹ್ನ ಅವನು ನಾಲ್ಕು ಚಕ್ರಗಳ ನಟ್ಟುಗಳನ್ನೂ ತಾನೇ ಬಿಗಿದ. ಪ್ರತಿ ಚಕ್ರಕ್ಕೆ ನೆಲದ ಮೇಲೆ ಮಂಡಿಯೂರಿ, ಎದೆಯಿಂದ ಒತ್ತಿ, ಉಸಿರು ಬಿಗಿಹಿಡಿದು ಎಳೆಯುತ್ತಿದ್ದ. ಮೂರನೆಯದಾದ ಮೇಲೆ ಎದ್ದು ಕಾರಿಗೆ ಕೈಯೂರಿ ನಿಂತ. ಮುಖ ಮಾಸಿದ ರಿಮ್ಮಿನ ಬಣ್ಣಕ್ಕೆ ತಿರುಗಿತ್ತು, ಕತ್ತಿನಲ್ಲಿ ಬೆವರು.

“ಕೂತ್ಕೋ ಸ್ವಲ್ಪ” ಎಂದೆ.

“ಒಂದಿದೆ. ಅಲ್ಪವಿರಾಮ ಹಾಕ್ಬೇಡ ನಡುವೆ.”

ನಾಲ್ಕನೆಯದನ್ನೂ ಮುಗಿಸಿದ. ತೋಳಿನಿಂದ ಚಕ್ರದ ಧೂಳು ಒರೆಸಿದ, ಹಳೆಯ ಅಭ್ಯಾಸ. ಆಮೇಲೆ ಚೊಯ್ಜಿಲ್‌ನ ಹೆಂಡತಿಯನ್ನು ಕೇಳಿ ಬಿಸಿ ಹಾಲು ಚಹಾ ಹಾಕಿಸಿಕೊಂಡ, ಜೊತೆಗೆ ತಂದಿದ್ದ ಹೋರ್ಲೋ ಬಟ್ಟಲಿಗೇ, ಅಂಚಿನವರೆಗೆ. ಅದನ್ನು ಅವಳ ಸೀಟಿನ ಮೇಲಿಟ್ಟ.

“ಮತ್ತೆ ಶುರು ಮಾಡ್ದ ನಿನ್ನ ಗೆಳೆಯ” ಎಂದಳು ಹೋರ್ಲೋ ನನ್ನ ಕಡೆ ತಿರುಗಿ.

“ಚೆಲ್ಲಿದ್ರೆ ಇಲ್ಲೇ ಉಳ್ಕೊಳೋಣ ಮುದುಕಿ. ಚೆಲ್ಲದಿದ್ರೆ ಹೊರಡೋಣ.”

ಅವನೊಬ್ಬನೇ ಕೂತು, ಅಂಗಡಿಯ ಹಿಂದಿನ ಕಲ್ಲುನೆಲದಲ್ಲಿ ಒಂದು ಸುತ್ತು ಹೋದ. ಎಂಜಿನ್ ಏಳಲಿಲ್ಲ. ಟೈರಿನಡಿ ಸಣ್ಣ ಕಲ್ಲು ಸರಿಯುವ ಸದ್ದು, ಮೇಲೆ ಎಲ್ಲೋ ಬಾನಾಡಿಯೊಂದು ಕೂಗುತ್ತಿದ್ದದ್ದು, ಅಷ್ಟೇ ಕೇಳಿಸುತ್ತಿತ್ತು. ಬಂದು ನಮ್ಮ ಮುಂದೆ ನಿಲ್ಲಿಸಿದ. ಸುತ್ತಿ ಬಂದು ಆ ಬದಿಯ ಬಾಗಿಲು ತೆಗೆದು, ಬಗ್ಗಿ ಬಟ್ಟಲನ್ನು ನೋಡಿದ. ಸೀಟನ್ನು ಅಂಗೈಯಿಂದ ಮುಟ್ಟಿ ನೋಡಿದ. ಒಣಗಿತ್ತು.

ಬಟ್ಟಲನ್ನು ಎತ್ತಿಕೊಂಡು ಬೆಂಚಿನ ಬಳಿ ಬಂದ. ಮನೆಯಲ್ಲಿ ಅವನು ಅವಳಿಗೆ ಚಹಾ ಕೊಡುತ್ತಿದ್ದದ್ದು ಮೇಜಿನ ಮೇಲೆ ತಳ್ಳಿ, “ಹಿಡ್ಕೋ” ಎನ್ನುತ್ತ. ಆ ದಿನ ಅವನು ಹಿರಿಯರಿಗೆ, ಅತಿಥಿಗಳಿಗೆ ಕೊಡುವ ಹಾಗೆ ಬಟ್ಟಲನ್ನು ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಬಲಮೊಣಕೈಗೆ ಆನಿಸಿ, ತಲೆಬಾಗಿ ಅವಳ ಮುಂದೆ ಚಾಚಿದ.

“ಆರೋಕ್ ಮುಂಚೆ ಕುಡಿ” ಎಂದ.

ಅವಳು ಎರಡೂ ಕೈಯಲ್ಲಿ ತೆಗೆದುಕೊಳ್ಳುವವರೆಗೂ ಅವನು ಬಟ್ಟಲನ್ನು ಬಿಡಲಿಲ್ಲ.